ಇಂಗ್ಲಿಷ್ ಬರದ ತಾಯಂದಿರಿಗೆ ಯಾಕ ಅಂತೀರಿ?

ಅಕ್ಕಾರ, ನನ್ನ ಮಗಳು ಹತ್ತನೇತ್ತ. ಆಕಿ ಇಂಗ್ಲಿಷ್ ಟೀಚರು ಶನಿವಾರಕ್ಕೊಮ್ಮೆ ಕನ್ನಡದಾಗ ವಾಯ್ಸ್ ಮೆಸೇಜ್ ಹಾಕ್ತಾರ: ಯಾವ ಪಾಠ ಆತು, ಮನ್ಯಾಗ ಏನು ಕೇಳ್ಬೇಕು ಅಂತ. ‘ಇಂಗ್ಲಿಷ್ ಬರದ ತಾಯಂದಿರಿಗೆ ಇದೆಲ್ಲಾ ಯಾಕ?’ ಅಂತ ಪಾಲಕರ ಸಭೆಯಾಗ ಒಬ್ಬರು ನಕ್ಕರು. ಸಿಟ್ಟು ನೆತ್ತಿಗೇರಿತು.

ಎಸ್ಸೆಸ್ಸೆಲ್ಸಿ ಇಂಗ್ಲಿಷಿನ 100 ಅಂಕದಾಗ 20 ಆಂತರಿಕ ಅಂಕ. ಅವು ವರ್ಷಪೂರ್ತಿ ಶಾಲ್ಯಾಗ ಕೂಡ್ತಾವು. ಫಲಿತಾಂಶದ ದಿನ ಬೈಸಿಕೊಳ್ಳಾಕ ತಾಯಿ ಬೇಕು, ಜೂನ್‌ದಿಂದ ಸುದ್ದಿ ತಿಳ್ಕೊಳ್ಳಾಕ ಬ್ಯಾಡೇನು?

ನಾ ರೊಟ್ಟಿ ಬಡಿಯೂಮುಂದ ಮಗಳು ಪಾಠದ ಕತಿ ಕನ್ನಡದಾಗ ಹೇಳ್ತಾಳ. ಎಲ್ಲಿ ತಡವರಿಸ್ತಾಳೋ ಅಲ್ಲಿ ಆಕಿಗೆ ತಿಳದಿಲ್ಲ. ಅದನ್ನ ಟೀಚರಿಗೆ ಹೇಳಿ ಕಳಸ್ತೀನಿ. ಸೋಮವಾರ ಅವರು ಮತ್ತೊಮ್ಮೆ ತಿಳಿಸಿ ಹೇಳ್ತಾರ. ಇಷ್ಟಕ್ಕ ಇಂಗ್ಲಿಷ್ ಯಾಕ ಬೇಕ್ರೀ?

ಶಾಲ್ಯಾಗ ಬರೇ ಯಜಮಾನರ ನಂಬರ್ ಇದ್ರ, ನಾಳೆನ ಹೋಗಿ ನಿಮ್ಮದೂ ಬರಸ್ರಿ.