ಟವರ್ ದೂರವಾದಷ್ಟೂ ಫೋನ್ ಜೋರು

ಪುಣೆ ಬಳಿಯ ದೇಹೂ ರೋಡಿನವರಿಗೆ ‘ರೆಡ್ ಝೋನ್’ ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ಮದ್ದುಗುಂಡಿನ ಡಿಪೋದಿಂದ 2,000 ಗಜದೊಳಗೆ ಕಟ್ಟಡ ಕಟ್ಟುವಂತಿಲ್ಲ ಎಂಬ ನಿರ್ಬಂಧದಿಂದ ಸುತ್ತಲಿನ ಎಷ್ಟೋ ಕುಟುಂಬಗಳು ವರ್ಷಗಟ್ಟಲೆ ಒದ್ದಾಡಿವೆ. ಅಪಾಯವನ್ನು ದೂರದ ಲೆಕ್ಕದಲ್ಲಿ ಅಳೆಯುವುದು ಇಲ್ಲಿಯವರಿಗೆ ರೂಢಿ. ಮೊಬೈಲ್ ವಿಕಿರಣದ ಮಾತು ಬಂದರೂ ಎಲ್ಲರ ಬೆರಳು ಟವರ್ ಕಡೆಗೇ ತಿರುಗುತ್ತದೆ. ಮೊದಲು ಅಳೆಯಬೇಕಾದದ್ದು ಕಿವಿಗೂ ಫೋನಿಗೂ ನಡುವಿನ ದೂರ ಎಂಬುದು ನನ್ನ ವಾದ.

ಆಕುರ್ಡಿ ಬಿಟ್ಟ ಲೋಕಲ್ ರೈಲಿನಲ್ಲಿ ಸಂಜೆ ಹೊತ್ತು ನೋಡಿ. ಕಬ್ಬಿಣದ ಬೋಗಿ, ಕಾಲಿಡಲು ಜಾಗವಿಲ್ಲ, ಸಿಗ್ನಲ್ ಒಂದು ಕಡ್ಡಿಗೆ ಇಳಿದಿರುತ್ತದೆ. ಕಲಬುರಗಿ ಕಡೆಯ ಹುಡುಗನೊಬ್ಬ ಊರಿಗೆ ಫೋನ್ ಹಚ್ಚಿ, ‘ಯವ್ವಾ, ಕೇಳಸ್ತದೇನು?’ ಅಂತ ಕೂಗುತ್ತಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಳ್ಳುತ್ತಾನೆ. ಟವರನ್ನು ಮುಟ್ಟಲು ಆ ಫೋನ್ ತನ್ನ ಶಕ್ತಿಯನ್ನೆಲ್ಲ ಹಾಕಿ ಅಲೆ ಹೊರಡಿಸುವುದು ಆ ಹೊತ್ತಿನಲ್ಲೇ. ಸಿಗ್ನಲ್ ಚೆನ್ನಾಗಿದ್ದರೆ ಅದೇ ಫೋನ್ ಬಹಳ ಕಡಿಮೆ ಶಕ್ತಿಯಲ್ಲಿ ಕೆಲಸ ಮುಗಿಸುತ್ತದೆ. ಬಡಾವಣೆಯವರೆಲ್ಲ ಸೇರಿ ಟವರ್ ಓಡಿಸಿದರೆ ಕಿವಿಯ ಬಳಿಯ ವಿಕಿರಣ ಹೆಚ್ಚಾಗುವುದೇ ಸಂಭವ.

ಹಾಗಂತ ಹೆದರಿಕೆ ಪೂರ್ತಿ ಸುಳ್ಳೆಂದೂ ನಾನು ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ಈ ಅಲೆಗಳನ್ನು ‘ಕ್ಯಾನ್ಸರ್‌ಕಾರಕ ಆಗಿರಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿತು. ಅದೇ ಸಂಸ್ಥೆ ಮಾಡಿಸಿದ, 2024ರಲ್ಲಿ ಪ್ರಕಟವಾದ ದೊಡ್ಡ ಅವಲೋಕನದಲ್ಲಿ ಫೋನ್ ಬಳಕೆಗೂ ಮಿದುಳಿನ ಕ್ಯಾನ್ಸರ್‌ಗೂ ನಂಟು ಕಾಣಲಿಲ್ಲ. ಇದು ನೆಮ್ಮದಿಯ ಸುದ್ದಿಯೇ. ಆದರೂ ಖರ್ಚಿಲ್ಲದ ಎಚ್ಚರಿಕೆಯನ್ನು ಬಿಡುವುದೇಕೆ? ಇಯರ್‌ಫೋನ್ ಇಲ್ಲವೇ ಸ್ಪೀಕರ್ ಬಳಸಿ ಮಾತಾಡಿ. ಸಿಗ್ನಲ್ ಇಲ್ಲದ ಕಡೆ ಮಾತು ಮುಂದೂಡಿ. ಮಕ್ಕಳ ದಿಂಬಿನಡಿ ಫೋನ್ ಇಡಬೇಡಿ.

ನಮ್ಮಲ್ಲಿ 2012ರ ಸೆಪ್ಟೆಂಬರ್ 1ರಿಂದ ‘ಸಾರ್’ ಮಿತಿ ಜಾರಿಯಲ್ಲಿದೆ: ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗೆ 1.6 ವ್ಯಾಟ್. ದೇಹ ಹೀರಿಕೊಳ್ಳುವ ಶಕ್ತಿಯ ಅಳತೆ ಅದು. ನಿಮ್ಮ ಫೋನಿನಲ್ಲಿ *#07# ಒತ್ತಿದರೆ ಅಂಕಿ ಪರದೆಗೆ ಬರುತ್ತದೆ. ಆದರೆ ಹಬ್ಬದ ಸೇಲ್‌ನಲ್ಲಿ ಕ್ಯಾಮೆರಾ, ಬ್ಯಾಟರಿ, ಇಎಂಐ ಎಲ್ಲ ವಿಚಾರಿಸುವ ನಾವು ಇದೊಂದನ್ನು ಕೇಳುವುದಿಲ್ಲ. ಕಾನೂನಿದ್ದರೆ ಸಾಲದು, ಪರೀಕ್ಷಿಸುವವರೂ ಬೇಕು. 2023ರಲ್ಲಿ ಫ್ರಾನ್ಸ್ ಐಫೋನ್ 12ರ ಮಾರಾಟವನ್ನೇ ನಿಲ್ಲಿಸಿತು. ಕೈಯಲ್ಲಿ ಹಿಡಿದ ಸ್ಥಿತಿಯ ಪರೀಕ್ಷೆಯಲ್ಲಿ ಅಲ್ಲಿನ ಮಿತಿ ಕಿಲೋಗೆ 4 ವ್ಯಾಟ್ ಇದ್ದಲ್ಲಿ 5.74 ಬಂದಿತ್ತು. ಆಪಲ್ ಸಾಫ್ಟ್‌ವೇರ್ ಬದಲಿಸಬೇಕಾಯಿತು.

ಫೋನಿನ ಬೆನ್ನಿಗೆ ಅಂಟಿಸುವ ‘ವಿಕಿರಣ ತಡೆ’ ಸ್ಟಿಕರ್‌ಗೆ ದುಡ್ಡು ಸುರಿಯುವುದು ನೋಡಿದರೆ ಸಿಟ್ಟು ಬರುತ್ತದೆ. ಅದು ನಿಜಕ್ಕೂ ಸಿಗ್ನಲ್ ತಡೆದರೆ ಫೋನ್ ಇನ್ನಷ್ಟು ಜೋರು ಮಾಡುತ್ತದೆ, ತಡೆಯದಿದ್ದರೆ ಕೊಟ್ಟ ಕಾಸು ದಂಡ.

ಇಷ್ಟಾದರೂ ಟವರ್ ಬಗ್ಗೆ ಅನುಮಾನ ಉಳಿದವರಿಗೆ ಉತ್ತರ ಸಿಗಲೇಬೇಕು. ನಮ್ಮ ದೇಶದ ಟವರ್ ಮಿತಿ ಅಂತರರಾಷ್ಟ್ರೀಯ ಮಾರ್ಗಸೂಚಿಯ ಹತ್ತನೇ ಒಂದು ಭಾಗ. 2017ರಲ್ಲಿ ಶುರುವಾದ ‘ತರಂಗ್ ಸಂಚಾರ್’ ಪೋರ್ಟಲ್‌ನಲ್ಲಿ ಶುಲ್ಕ ಕಟ್ಟಿದರೆ ನಿಮ್ಮ ಮನೆಯ ಹತ್ತಿರವೇ ಬಂದು ಅಳೆದು ತೋರಿಸುವ ವ್ಯವಸ್ಥೆಯಿದೆ. ಒಂದು ಮನೆಗೆ ಹೊರೆಯಾಗುವ ಶುಲ್ಕವನ್ನು ಓಣಿಯವರು ಹಂಚಿಕೊಳ್ಳಬಹುದು. ಶಾಲೆ, ಆಸ್ಪತ್ರೆಗಳ ಸುತ್ತ ದೇಹೂ ರೋಡಿನ ಕಂಟೋನ್ಮೆಂಟ್ ಬೋರ್ಡೇ ಅಳತೆ ಮಾಡಿಸಿ ಫಲಿತಾಂಶವನ್ನು ಗೇಟಿನಲ್ಲಿ ಅಂಟಿಸಲಿ, ಮರಾಠಿಯ ಜೊತೆಗೆ ಕನ್ನಡದಲ್ಲೂ.