ಕೈ ಬಲ್ಲದ್ದನ್ನು ಬಾಯಿ ಹೇಳುವಾಗ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಒಕ್ಕಲು ಮನೆತನಗಳಲ್ಲಿ ಇಂದು ವೈದ್ಯ ಪದವೀಧರರು ಅಪರೂಪವಲ್ಲ. 1963ರಲ್ಲಿ ಕೆ.ಎಲ್.ಇ. ಸಂಸ್ಥೆಯು ಬೆಳಗಾವಿಯಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯವನ್ನು ಆರಂಭಿಸಿದ ಮೇಲೆ ಈ ವಿದ್ಯೆ ನಮ್ಮ ಭಾಗದವರಿಗೆ ಹತ್ತಿರವಾಯಿತು. ಎಂ.ಡಿ., ಎಂ.ಎಸ್. ಮುಗಿಸಿದ ಮಕ್ಕಳು ಈಗ ಒಂದು ಅಂಗಕ್ಕೋ ಒಂದು ಬಗೆಯ ರೋಗಕ್ಕೋ ಮೀಸಲಾದ ಫೆಲೋಶಿಪ್ ವ್ಯಾಸಂಗವನ್ನು ಬಯಸುತ್ತಾರೆ. ಕೆಲವಕ್ಕೆ ಲಿಖಿತ ಪರೀಕ್ಷೆಯೇ ಪ್ರಧಾನ. ಆಸ್ಪತ್ರೆಗಳು ತಾವೇ ನಡೆಸುವ ಹಲವಕ್ಕೆ ಸಂದರ್ಶನ. ರೋಗಿಯ ಬಳಿ ನಿಂತು ನೀವು ಏನೇನು ಮಾಡಬಲ್ಲಿರಿ ಎಂಬುದು ಅಲ್ಲಿ ತಪ್ಪಿಸಿಕೊಳ್ಳಲಾಗದ ಪ್ರಶ್ನೆ.

ವೈದ್ಯವಿದ್ಯೆ ನಮ್ಮದಲ್ಲ. ಆದರೆ ಮಠದ ಪಾಠಶಾಲೆಯಲ್ಲಿ ಮೌಖಿಕ ಪರೀಕ್ಷೆಗೆ ಕುಳಿತವರು ನಾವು. ಮುಂದೆ ಪ್ರಶ್ನೆ ಕೇಳಿದವರೂ ಹೌದು. ಕಂಠಪಾಠದವನು ಮೊದಲ ಪ್ರಶ್ನೆಯನ್ನು ದಾಟುತ್ತಾನೆ, ಎರಡನೆಯದರಲ್ಲಿ ನಿಲ್ಲುತ್ತಾನೆ.

ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯ ಕೈಯ ಅಭ್ಯಾಸಕ್ಕೆಂದೇ ಮೀಸಲು. ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಗಳ ಮೇಲೆ, ಹೊಲಿಗೆಯನ್ನು ಬಟ್ಟೆ ಮತ್ತು ಮೆದು ಚರ್ಮದ ಮೇಲೆ, ಪಟ್ಟಿ ಕಟ್ಟುವುದನ್ನು ಗೊಂಬೆಯ ಮೇಲೆ ಕಲಿಯಬೇಕೆಂದು ಅಲ್ಲಿ ವಿಧಾನವಿದೆ. ಶಾಸ್ತ್ರವೆಲ್ಲ ಓದಿದ್ದರೂ ಈ ಅಭ್ಯಾಸವಿಲ್ಲದವನು ಕರ್ಮಕ್ಕೆ ಯೋಗ್ಯನಲ್ಲವೆಂಬುದು ಆ ಆಚಾರ್ಯರ ನಿಲುವು. ಇಂದಿನ ಸಂದರ್ಶಕರು ಹುಡುಕುವುದೂ ಇದನ್ನೇ.

ನಮ್ಮ ಸೀಮೆಯದೇ ನಿದರ್ಶನ ತೆಗೆದುಕೊಳ್ಳೋಣ. ಕಬ್ಬಿನ ಹೊಲಗಳ ನಾಡಿನಲ್ಲಿ ಹಾವಿನ ಕಡಿತ ಹೊಸದಲ್ಲ. 2024ರಲ್ಲಿ ರಾಜ್ಯ ಸರ್ಕಾರ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ವಿಷವು ರಕ್ತದ ಹೆಪ್ಪುಗಟ್ಟುವ ಗುಣವನ್ನು ಕೆಡಿಸಿದೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಸುಮಾರು 2 ಮಿಲಿಲೀಟರ್ ರಕ್ತವನ್ನು ಗಾಜಿನ ನಳಿಕೆಗೆ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ಒಮ್ಮೆ ಬಾಗಿಸಿ ನೋಡುವುದು, ಹೆಪ್ಪುಗಟ್ಟದಿದ್ದರೆ ಅಪಾಯ. ಇಷ್ಟನ್ನು ಪುಸ್ತಕದಿಂದ ಯಾರೂ ಹೇಳಬಹುದು. "ನಳಿಕೆ ಎಂಥದಿತ್ತು?" ಎಂದು ಕೇಳಿದರೆ? ಪ್ಲಾಸ್ಟಿಕ್ಕಿನದಾಗಿದ್ದರೆ, ಸಾಬೂನು ಪುಡಿಯಿಂದ ತೊಳೆದ ಗಾಜಾಗಿದ್ದರೆ, ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಉಳಿದು ವೈದ್ಯನನ್ನು ದಾರಿ ತಪ್ಪಿಸೀತು. ರಾತ್ರಿಪಾಳಿಯಲ್ಲಿ ತಾನೇ ನಳಿಕೆ ಹುಡುಕಿದವನಿಗೆ ಈ ಉತ್ತರ ತಡವಾಗದು. ಇನ್ನೊಂದು ಮಾತು: ನಮ್ಮ ಹಳ್ಳಿಗರು ರಾತ್ರಿ ಹೊತ್ತು ಹಾವೆಂಬ ಹೆಸರೆತ್ತದೆ "ಹುಳ ಕಡದೈತ್ರಿ" ಎನ್ನುವುದುಂಟು. ಆ ಹುಳ ಯಾವುದೆಂದು ಅರಿಯುವುದೂ ಕೌಶಲವೇ ಅಲ್ಲವೇ? ಅದನ್ನು ಸಂದರ್ಶನದಲ್ಲಿ ಹೇಳಲು ಸಂಕೋಚ ಬೇಡ.

ಆದುದರಿಂದ ಸಿದ್ಧತೆ ಕಾರ್ಯದಾಖಲೆ ಪುಸ್ತಕದಿಂದಲೇ ಆರಂಭವಾಗಲಿ. ಪ್ರತಿಯೊಂದು ಕ್ರಿಯೆಯ ಮುಂದೆ ನೋಡಿದ್ದೆಷ್ಟು, ಸಹಾಯಕನಾಗಿ ನಿಂತದ್ದೆಷ್ಟು, ಹಿರಿಯರ ಎದುರಿನಲ್ಲಿ ಮಾಡಿದ್ದೆಷ್ಟು, ಒಬ್ಬನೇ ಮಾಡಿದ್ದೆಷ್ಟು ಎಂದು ಬೇರೆ ಬೇರೆ ಬರೆದುಕೊಳ್ಳಬೇಕು. ಕ್ರಿಯೆ ಕೈಮೀರಿದ ಒಂದು ಪ್ರಸಂಗವನ್ನೂ, ಯಾವ ಗಳಿಗೆಯಲ್ಲಿ ಹಿರಿಯರನ್ನು ಕರೆದೆ ಎಂಬುದನ್ನೂ ನೆನಪಿಗೆ ತಂದುಕೊಳ್ಳಬೇಕು. ಕರೆದದ್ದು ಕೊರತೆಯೆಂದು ಮುಚ್ಚಿಡುವವರೇ ಹೆಚ್ಚು. ರೋಗಿಯ ಹೆಸರು ಮಾತ್ರ ಎಲ್ಲಿಯೂ ಬಾರದಿರಲಿ.

ಮನೆಯವರಿಗೂ ಎರಡು ಮಾತು. ಹೊಲದ ಮೇಲೆ ಸಾಲ ಮಾಡಿ ಓದಿಸಿದ ತಂದೆ, "ಎಲ್ಲಾ ಬರ್ತೈತಿ ಅಂತ ಹೇಳಿಬಿಡಪ್ಪಾ" ಎನ್ನುವುದು ಸಹಜ. ಆದರೆ ಸಂದರ್ಶನದಲ್ಲಿ ಬರುತ್ತದೆಂದ ಕೆಲಸವನ್ನು, ಸೇರಿದ ವಾರದಲ್ಲಿಯೇ, ನಡುರಾತ್ರಿ, ಹಿರಿಯರಿಲ್ಲದ ಹೊತ್ತಿನಲ್ಲಿ ಅವನ ಕೈಗೆ ಒಪ್ಪಿಸಿಯಾರು. ಆಗ ಸೂಜಿಯ ಕೆಳಗಿರುವವರು ಇನ್ನೊಂದು ಮನೆಯ ತಂದೆ. "ಎರಡು ಬಾರಿ ಸಹಾಯಕನಾಗಿದ್ದೆ, ಒಬ್ಬನೇ ಮಾಡಿಲ್ಲ, ಕಲಿಯಲೆಂದೇ ಬಂದಿರುವೆ" ಎಂಬ ಉತ್ತರಕ್ಕೆ ಸ್ಥಾನ ತಪ್ಪಿದರೂ ತಪ್ಪೀತು. ಆ ನಷ್ಟವನ್ನು ಮನೆಯವರು ತಾಳಿಕೊಳ್ಳಬೇಕು.

ಊರಿಗೆ ಬಂದ ಮಗನೋ ಮಗಳೋ ಹೊರಡುವ ಮುನ್ನ ಒಂದು ಸಂಜೆ ಅಜ್ಜಿಯ ಎದುರು ಕುಳಿತು, ತಾನು ಮಾಡಬಲ್ಲ ಒಂದು ಕ್ರಿಯೆಯನ್ನು ಮನೆಮಾತಿನಲ್ಲಿ ವಿವರಿಸಲಿ: ಏಕೆ ಮಾಡುವುದು, ಎಷ್ಟು ನೋಯುವುದು, ಬೇಡವೆಂದರೆ ಬೇರೆ ದಾರಿಯೇನು. ಅಜ್ಜಿ ನಡುವೆ ಕೇಳುವ ಪ್ರಶ್ನೆಗಳನ್ನು ಬರೆದುಕೊಳ್ಳಲಿ. ಸಂದರ್ಶಕರೂ ಅವನ್ನೇ ಕೇಳುವುದುಂಟು, ಇಂಗ್ಲಿಷಿನಲ್ಲಿ.