ಬಿಳಿಯ ಗೆರೆ ರೋಗವನ್ನು ತಡೆಯದು

ಮಲಪ್ರಭೆಯ ಸೀಮೆಯಲ್ಲಿ ಹೊಸ ಬಗೆಯ ರಂಗೋಲಿಯೊಂದು ರೂಢಿಗೆ ಬಂದಿದೆ. ಜಾತ್ರೆ ಸಮೀಪಿಸಿದಾಗ, ನೆರೆ ಇಳಿದಾಗ, ಗಣ್ಯರು ಬರುವರೆಂಬ ಸುದ್ದಿ ಹಬ್ಬಿದಾಗ ಚರಂಡಿಯ ಎರಡೂ ಅಂಚಿಗೆ ಬ್ಲೀಚಿಂಗ್ ಪೌಡರಿನ ಬಿಳಿಯ ಗೆರೆ ಬೀಳುತ್ತದೆ. ಮೂಗಿಗೆ ಘಾಟು ಬಡಿದೊಡನೆ ಊರು ಶುದ್ಧವಾಯಿತೆಂದು ಜನರೂ ನಂಬುತ್ತಾರೆ, ಆಡಳಿತವೂ ನಂಬಿದಂತೆ ನಟಿಸುತ್ತದೆ. ಈ ನಂಬಿಕೆಗೆ ವಿಜ್ಞಾನದ ಆಧಾರವಿಲ್ಲ. ಒಣ ನೆಲದ ಮೇಲೆ ಉದುರಿಸಿದ ಪುಡಿ ರೋಗವನ್ನು ತಡೆಯುವುದಿಲ್ಲ. ನೋಡುವವರ ಕಣ್ಣನ್ನು ಮಾತ್ರ ತಣಿಸುತ್ತದೆ.

ಈ ಪುಡಿಯ ಶಕ್ತಿ ಇರುವುದು ಅದರೊಳಗಿನ ಕ್ಲೋರಿನ್ನಿನಲ್ಲಿ. ಒಳ್ಳೆಯ ದರ್ಜೆಯ ಹೊಸ ಪುಡಿಯಲ್ಲಿ ಅದು ತೂಕದ ಸುಮಾರು ಶೇ. 33ರಷ್ಟಿರುತ್ತದೆ. ನೀರಿನಲ್ಲಿ ಕರಗಿದಾಗಲೇ ಅದು ರೋಗಾಣುವಿನ ಮೇಲೆ ಕೆಲಸ ಮಾಡಬಲ್ಲದು. ಕೆಸರು, ಸಗಣಿ, ಕೊಳೆತ ಎಲೆ ಮೊದಲಾದ ಜೈವಿಕ ವಸ್ತು ಎದುರಾದರೆ ಕ್ಲೋರಿನ್ ಅವುಗಳೊಡನೆಯೇ ಸೆಣಸಿ ವ್ಯಯವಾಗುತ್ತದೆ. ಕೊಳೆ ತುಂಬಿದ ಚರಂಡಿಗೆ ಸುರಿದ ಪುಡಿ ವ್ಯರ್ಥವಾಗುವುದು ಈ ಕಾರಣದಿಂದ. ಮೊದಲು ಗುಡಿಸಿ, ಸಾಬೂನು ನೀರಿನಿಂದ ತಿಕ್ಕಿ ತೊಳೆದು, ಆಮೇಲೆ ದ್ರಾವಣ ಬಳಿಯಬೇಕೆಂಬುದು ಶುಚಿತ್ವದ ಮೊದಲ ಪಾಠ. ಹೂಳೆತ್ತುವ ದುಡಿಮೆಯನ್ನು ತಪ್ಪಿಸಿ ಪುಡಿ ಎರಚುವುದು ಮೈತೊಳೆಯದೆ ಅತ್ತರು ಪೂಸಿಕೊಂಡಂತೆ.

ಚಾರ್ಲ್ಸ್ ಟೆನೆಂಟ್ ಎಂಬಾತ 1799ರಲ್ಲಿ ಗ್ಲಾಸ್ಗೋದಲ್ಲಿ ಈ ಪುಡಿಗೆ ಪೇಟೆಂಟ್ ಪಡೆದದ್ದು ಬಟ್ಟೆಯನ್ನು ಬಿಳುಪಾಗಿಸಲೆಂದು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ವೈದ್ಯ ಸೆಮ್ಮೆಲ್‌ವೈಸ್ ಇದರ ದ್ರಾವಣದಲ್ಲಿ ವೈದ್ಯರು ಕೈತೊಳೆಯುವಂತೆ ಮಾಡಿದಾಗ ಬಾಣಂತಿಯರ ಸಾವು ಬಹುಮಟ್ಟಿಗೆ ಇಳಿಯಿತು. ಅವನು ಪುಡಿಯನ್ನು ಆಸ್ಪತ್ರೆಯ ಅಂಗಳದಲ್ಲಿ ಎರಚಲಿಲ್ಲ. ರೋಗವನ್ನು ಹೊತ್ತೊಯ್ಯುತ್ತಿದ್ದ ಕೈಗಳಿಗೆ ನೀರಿನಲ್ಲಿ ಕರಗಿಸಿ ಕೊಟ್ಟನು. ಮಲಪ್ರಭೆಯ ಸೀಮೆ ಆ ಪುಡಿಯನ್ನು ತಂದುಕೊಂಡಿದೆ, ಆದರೆ ಅದರ ಜೊತೆಗಿದ್ದ ವಿವೇಕವನ್ನು ಬಿಟ್ಟುಬಂದಿದೆ.

ಅಳತೆಯೇನು ಕಠಿಣವಲ್ಲ. ಶೇ. 33ರ ಪುಡಿಯನ್ನು ಲೀಟರಿಗೆ 3 ಗ್ರಾಂ, ಅಂದರೆ 10 ಲೀಟರಿನ ಬಕೆಟ್ಟಿಗೆ 30 ಗ್ರಾಂ ಬೆರೆಸಿದರೆ ಶೇ. 0.1ರ ದ್ರಾವಣವಾಗುತ್ತದೆ. ತೊಳೆದ ನೆಲ, ಬಾಗಿಲ ಹಿಡಿಕೆಗಳಿಗೆ ಇಷ್ಟು ಸಾಕು. ವಾಂತಿಭೇದಿಯ ಹೊಲಸು ಬಿದ್ದ ಜಾಗಕ್ಕೆ, ಆ ಹೊಲಸನ್ನು ತೆಗೆದ ಬಳಿಕ, ಲೀಟರಿಗೆ 30 ಗ್ರಾಂ ಬೆರೆಸಿದ ಶೇ. 1ರ ದ್ರಾವಣ ಬೇಕು. ದ್ರವರೂಪದ ಶೇ. 5ರ ಹೈಪೋಕ್ಲೋರೈಟ್ ಸಿಕ್ಕಿದರೆ ಅದರ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿದಾಗ ಶೇ. 1, 49 ಪಾಲು ಬೆರೆಸಿದಾಗ ಶೇ. 0.1 ಆಗುತ್ತದೆ. ತಣ್ಣೀರನ್ನೇ ಬಳಸಬೇಕು, ಆಯಾ ದಿನದ ದ್ರಾವಣವನ್ನು ಆಯಾ ದಿನವೇ ಸಿದ್ಧಪಡಿಸಬೇಕು. ಬಳಿದ ಮೇಲೆ ಹತ್ತು ನಿಮಿಷವಾದರೂ ಒದ್ದೆಯಾಗಿರಲು ಬಿಡಬೇಕು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ 30 ಗ್ರಾಂ ತೂಗಿಸಿ ಡಬ್ಬಿಯೊಂದಕ್ಕೆ ಗುರುತು ಹಾಕಿಕೊಂಡರೆ ಮುಂದಿನ ಬಾರಿ ತಕ್ಕಡಿಯೂ ಬೇಡ.

ಕುಡಿಯುವ ನೀರಿನ ಲೆಕ್ಕ ಇನ್ನೂ ಸೂಕ್ಷ್ಮ. 1,000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಪುಡಿ ಬೇಕು. 50,000 ಲೀಟರಿನ ಮೇಲ್ತೊಟ್ಟಿಗೆ 125 ಗ್ರಾಂ. ಕಿತ್ತೂರಿನ ಪಶ್ಚಿಮಕ್ಕೆ ಮಲೆನಾಡಿನ ಸೆರಗಿನಲ್ಲಿರುವ ಊರೊಂದರ ಬಾವಿಯನ್ನು ಊಹಿಸಿಕೊಳ್ಳಬಹುದು. ಅಗಲ 3 ಮೀಟರ್, ನೀರಿನ ಆಳ 4 ಮೀಟರ್ ಇದ್ದರೆ ಅಲ್ಲಿರುವುದು ಸುಮಾರು 28,000 ಲೀಟರ್. ಅದಕ್ಕೆ ಬೇಕಾದದ್ದು 70 ಗ್ರಾಂ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಬೆರೆಸಿ, ಒಂದು ಗಂಟೆ ಕಾಯಬೇಕು. ನೀರು ಕದಡಿದ್ದರೆ ಈ ಅಳತೆ ಸಾಲದು, ಪುಡಿ ಹಳತಾಗಿದ್ದರಂತೂ ಸಾಲದು. ಆದುದರಿಂದ ಕೊನೆಯ ತೀರ್ಪು ಪರೀಕ್ಷೆಯದೇ. ಆರೋಗ್ಯ ಕಾರ್ಯಕರ್ತರು ಓ.ಟಿ. ಎಂದು ಕರೆಯುವ ಪರೀಕ್ಷೆಯಲ್ಲಿ ಹನಿ ಹಾಕಿದಾಗ ನೀರು ಹಳದಿಗೆ ತಿರುಗುತ್ತದೆ. ಊರಿನ ಕಟ್ಟಕಡೆಯ ನಲ್ಲಿಯಲ್ಲಿಯೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

ಬಾಯಿ ತೆರೆದ ಚೀಲದಲ್ಲಿ, ಬಿಸಿಲು ತೇವಗಳ ನಡುವೆ ತಿಂಗಳುಗಟ್ಟಲೆ ಬಿದ್ದ ಪುಡಿಯಿಂದ ಕ್ಲೋರಿನ್ ಆರಿಹೋಗುತ್ತದೆ. ಉಳಿಯುವುದು ಹೆಚ್ಚುಕಡಿಮೆ ಸುಣ್ಣ. ಅಂಥ ಪುಡಿಯನ್ನು ಹಿಡಿಗಟ್ಟಲೆ ತೊಟ್ಟಿಗೆ ಸುರಿದು ದಾಖಲೆ ಪುಸ್ತಕದಲ್ಲಿ ಸಹಿ ಹಾಕಿದರೆ ನೀರು ಶುದ್ಧವಾಗುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ರಾಮದುರ್ಗ ತಾಲ್ಲೂಕಿನ ಮುದೇನೂರಿನಲ್ಲಿ ಕಲುಷಿತ ನೀರು ಕುಡಿದು ಹಲವರು ಹಾಸಿಗೆ ಹಿಡಿದರು, ಸಾವೂ ಸಂಭವಿಸಿತು. ಆ ದುಃಖದ ಬಳಿಕವೂ ನೀರಿನ ತೊಟ್ಟಿಗೆ ಅಳತೆಯಿಲ್ಲದೆ, ಚರಂಡಿಯ ಅಂಚಿಗೆ ಧಾರಾಳವಾಗಿ ಪುಡಿ ಸುರಿಯುವ ಊರುಗಳಿದ್ದರೆ ಅದನ್ನು ಅಜ್ಞಾನವೆಂದು ಕ್ಷಮಿಸಲಾಗದು.

ಹೆಚ್ಚು ಹಾಕಿದರೆ ಹೆಚ್ಚು ಒಳಿತು ಎಂಬ ಭ್ರಮೆ ಇನ್ನೊಂದು ಕೇಡು. ಶೌಚಾಲಯದ ಗುಂಡಿಗೆ ಸುರಿದ ಪುಡಿ ಮಲವನ್ನು ಗೊಬ್ಬರವಾಗಿಸುವ ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತದೆ, ಗುಂಡಿ ನಾರತೊಡಗುತ್ತದೆ. ಲೀಟರಿಗೆ 0.1 ಮಿಲಿಗ್ರಾಂನಷ್ಟು ಕ್ಲೋರಿನ್ ಸಹ ಅನೇಕ ಜಾತಿಯ ಮೀನುಗಳಿಗೆ ಮಾರಕ. ಕಣಕುಂಬಿಯ ಕಾಡಿನಲ್ಲಿ ಹುಟ್ಟಿ ನವಿಲುತೀರ್ಥದ ಅಣೆಕಟ್ಟೆಯನ್ನು ದಾಟಿ ರಾಮದುರ್ಗದತ್ತ ಸಾಗುವ ಹೊಳೆಗೆ ಹಳ್ಳಗಳ ಮೂಲಕ ಸೇರುವುದು ಈ ಎರಚಾಟದ ಶೇಷವೇ. ಶೌಚಾಲಯ ತೊಳೆಯುವ ಆಮ್ಲದೊಡನೆ ಬ್ಲೀಚಿಂಗ್ ಪೌಡರ್ ಬೆರೆತರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ. 1915ರ ಏಪ್ರಿಲ್‌ನಲ್ಲಿ ಈಪ್ರ್‌ನ ರಣಾಂಗಣದಲ್ಲಿ ಸೈನಿಕರ ಮೇಲೆ ಪ್ರಯೋಗಿಸಿದ ವಿಷ ಅದೇ. ಕಿಟಕಿಯಿಲ್ಲದ ಶೌಚಾಲಯದಲ್ಲಿ ಇವೆರಡನ್ನೂ ಒಟ್ಟಿಗೆ ಸುರಿಯುವ ಕಾರ್ಮಿಕಳಿಗೆ ಇದನ್ನು ಹೇಳಿಕೊಟ್ಟವರು ಯಾರು? ಕೈಗವಸಿಲ್ಲದೆ, ಮೂಗಿಗೆ ಸೆರಗು ಕಟ್ಟಿಕೊಂಡು ಪುಡಿ ಎರಚುವ ಪೌರಕಾರ್ಮಿಕರ ಸುಟ್ಟ ಅಂಗೈಗಳು ಆಡಳಿತದ ಕಣ್ಣಿಗೆ ಬೀಳಬೇಡವೇ?

ಈ ಭ್ರಮೆಯ ಪರಾಕಾಷ್ಠೆಯನ್ನು ದೇಶ 2020ರಲ್ಲಿ ಕಂಡಿತು. ಬರೇಲಿಯಲ್ಲಿ ಊರಿಗೆ ಮರಳುತ್ತಿದ್ದ ವಲಸೆ ಕಾರ್ಮಿಕರ ಮೈಮೇಲೆಯೇ ಸೋಂಕುನಾಶಕ ಸಿಂಪಡಿಸಲಾಯಿತು. ಮನುಷ್ಯರ ಮೇಲೆ ಸಿಂಪಡಿಸಕೂಡದೆಂದು ಕೇಂದ್ರ ಆರೋಗ್ಯ ಸಚಿವಾಲಯ ಏಪ್ರಿಲ್‌ನಲ್ಲಿ ಸೂಚಿಸಿತು. ಬೀದಿಗಳಿಗೆ ಸಿಂಪಡಿಸುವುದನ್ನೂ ಶಿಫಾರಸು ಮಾಡಲಾಗದು, ಧೂಳು ಕಸಗಳು ಅದನ್ನು ನಿಷ್ಕ್ರಿಯಗೊಳಿಸುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಮೇ ತಿಂಗಳಲ್ಲಿ ಹೇಳಿತು. ಇಷ್ಟಾದರೂ ಬಿಳಿಯ ಗೆರೆ ಅಳಿದಿಲ್ಲ.

ಪರಿಸರಪ್ರಿಯರಲ್ಲಿಯೂ ಕೆಲವರಿಗೆ ವಿರುದ್ಧ ದಿಕ್ಕಿನ ಭ್ರಮೆಯಿದೆ. ರಾಸಾಯನಿಕವೇ ಬೇಡ, ಬೇವು ಗೋಮೂತ್ರಗಳು ಸಾಕೆಂಬುದು ಅವರ ವಾದ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಂದು ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಲಕ್ಷಾಂತರ ಭಕ್ತರು ಬಂದಿಳಿಯುತ್ತಾರೆ. ಅಷ್ಟು ಜನ ಕುಡಿಯುವ ನೀರಿನಲ್ಲಿ ಕಾಲರಾ ರೋಗಾಣು ಸೇರಿದರೆ ಬೇವಿನ ಸೊಪ್ಪು ಕಾಯದು. 2019ರ ಆಗಸ್ಟ್‌ನಲ್ಲಿ ನೆರೆ ಹೊಕ್ಕ ರಾಮದುರ್ಗದ ಹೊಳೆಸಾಲಿನ ಬಾವಿಗಳಿಗೆ ಬೇಕಾಗಿದ್ದದ್ದು ಕ್ಲೋರಿನ್ನೇ. ಕುಡಿಯುವ ನೀರಿಗೆ ಅಳೆದ ಕ್ಲೋರಿನ್ ಬೇಡವೆನ್ನುವುದು ಪರಿಸರ ಪ್ರೇಮವಲ್ಲ. ಅದರ ಬೆಲೆ ತೆರುವವರು ಬಡವರ ಮಕ್ಕಳು. ಮಣ್ಣಿಗೂ ಹೊಳೆಗೂ ಬೇಡವಾದದ್ದು ಅಳತೆಯಿಲ್ಲದ ಎರಚಾಟ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಪ್ರತಿ ಗ್ರಾಮಸಭೆಯೂ ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ಪುಡಿಯ ಚೀಲದ ಮೇಲೆ ತಯಾರಿಕೆಯ ದಿನಾಂಕ, ಕ್ಲೋರಿನ್ ಪ್ರಮಾಣ ಕಾಣುತ್ತಿವೆಯೇ? ತೊಟ್ಟಿಯ ಬಳಿ ಅದರ ಲೀಟರ್ ಲೆಕ್ಕವೂ ಹಾಕಬೇಕಾದ ಗ್ರಾಂ ಲೆಕ್ಕವೂ ಬರೆದಿವೆಯೇ? ಕೊನೆಯ ನಲ್ಲಿಯ ನೀರಿನ ಪರೀಕ್ಷೆ ನಡೆದದ್ದು ಯಾವಾಗ? ಪುಡಿ ಮುಟ್ಟುವವರಿಗೆ ಕೈಗವಸು, ಬೂಟು, ತರಬೇತಿ ಸಿಕ್ಕಿವೆಯೇ? ಪ್ರೌಢಶಾಲೆಯ ವಿದ್ಯಾರ್ಥಿಗಳು ತಮ್ಮೂರಿನ ಬಾವಿಯ ಅಗಲ, ಆಳ ಅಳೆದು ಈ ಲೆಕ್ಕವನ್ನು ತಾವೇ ಮಾಡಬಲ್ಲರು. ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರಕದ ಊರಿನಲ್ಲಿ ಗಣ್ಯರ ದಾರಿಗೆ ಬಿಳಿಯ ಗೆರೆಯೇ ಬೇಕೆಂದಿದ್ದರೆ, ಅದಕ್ಕೆ ಬರಿಯ ಸುಣ್ಣ ಸಾಕು. ಪುಡಿ ನೀರಿನ ತೊಟ್ಟಿಗೆ ಉಳಿಯಲಿ.